ನಡುನೀರಿನಲ್ಲಿ ನೇರಳೆ ಹಾಯಿ

ಗಾಳಿ ನಿಂತಿತು. ಕಲ್ಯಾಣಿಯ ನಡುವೆ ಮೂರು ಥರ್ಮೋಕೋಲ್ ದೋಣಿಗಳೂ ನಿಂತವು.

"ಊದಂಗಿಲ್ಲ, ಕಲ್ಲು ಎಸೆಯಂಗಿಲ್ಲ. ರೂಲ್ಸ್ ಅಂದ್ರೆ ರೂಲ್ಸ್," ಅಂದ ಅಮರ್.

"ಲೇ, ನಿನ್ನ ಬೋಟು ಉಲ್ಟಾ ತಿರುಗಿ ನಿಂತೈತೆ, ಅದನ್ನ ನೋಡ್ಕೊ!" ಅಕೀಬ್ ನಕ್ಕ.

ಅವರಿಬ್ಬರದು ಹಾಲಿನ ಕವರಿನ ಹಾಯಿ. ಅಕ್ಷತಳದು ನೇರಳೆ ರೇಷ್ಮೆ, ಸಣ್ಣ ಗಾಳಿಗೂ ಉಬ್ಬುವಂಥದು. ಮನೆಯ ಪವರ್‌ಲೂಮ್ ಪಕ್ಕದ ಮೊಳೆಯಲ್ಲಿ ನೇತಾಡುತ್ತಿತ್ತು. ಮಗ್ಗ ಒರೆಸುವ ಚಿಂದಿ ಎಂದುಕೊಂಡು ತಂದಿದ್ದಳು.

"ಅಕ್ಷತಾ!" ಕಲ್ಯಾಣಿಯ ಗೋಡೆಯಾಚೆಯಿಂದ ಅಮ್ಮ ಕೂಗಿದಳು. "ಮೊಳೇಲಿದ್ದ ನೇರಳೆ ಪೀಸ್ ನೋಡಿದ್ಯೇನೆ? ಬಣ್ಣ ಹಾಕೋ ತಾಜುದ್ದೀನ್ ಸಾಬ್ರು ಬಂದು ಕೂತವ್ರೆ. ಅದನ್ನ ನೋಡ್ಕೊಂಡೇ ಮಿಕ್ಕಿದ ನೂಲಿಗೆ ಬಣ್ಣ ಹಾಕ್ಬೇಕು. ಶೇಡ್ ಬೇರೆ ಆದ್ರೆ ಸೀರೆ ಯಾರೂ ತಗೊಳ್ಳಲ್ಲ."

ಅಕ್ಷತ ನಡುನೀರಿನ ಹಾಯಿಯನ್ನು ನೋಡಿದಳು. "ಇಲ್ಲಮ್ಮ."

"ಹಂಗಾದ್ರೆ ಆ ಆಂಜಿನಪ್ಪನೇ ಚಿಂದಿ ಜೊತೆ ಬಿಸಾಕವ್ನೆ. ನಿಮ್ಮಪ್ಪ ಬೈತಾವ್ರೆ ನೋಡು." ಅಮ್ಮ ಹೊರಟುಹೋದಳು.

ಆಂಜಿನಪ್ಪ ಅವರ ಮನೆಯಲ್ಲಿ ಮಗ್ಗ ನಡೆಸುವವನು.

"ಅದು ನಿನ್ನ ಹಾಯಿನೇ ಅಲ್ವಾ?" ಅಕೀಬ್ ಪಿಸುಗುಟ್ಟಿದ. "ತಡಿ, ಈಜ್ಕೊಂಡು ಹೋಗಿ ತರ್ತೀನಿ."

"ಬೇಡ ಕಣೋ! ಆಳ ಐತೆ."

ಅಮರ್ ತನ್ನ ರೂಲ್ಸ್ ಮರೆತು ಕಲ್ಲೆತ್ತಿಕೊಂಡ. ಅಕ್ಷತ ಅವನ ಕೈ ಹಿಡಿದಳು. ನೀರು ಸಿಡಿದರೆ ರೇಷ್ಮೆ ನೆನೆಯುತ್ತದೆ.

"ಟೆನ್ಷನ್ ಯಾಕೆ? ಬೋಟು ದಡಕ್ಕೆ ಬಂದ್ಮೇಲೆ ಸುಮ್ನೆ ಮೊಳೆಗೆ ಸಿಕ್ಕಿಸ್ಬಿಡು," ಅಂದ ಅಮರ್. "ಯಾರಿಗೂ ಗೊತ್ತಾಗಲ್ಲ."

ಅಕ್ಷತ ಕಾದಳು. ಹಾಯಿ ಅಲುಗಲಿಲ್ಲ. ಇಷ್ಟು ಹೊತ್ತಿಗೆ ಅಪ್ಪ ಇನ್ನೂ ಏನೇನು ಅಂದಿರಬಹುದು? ಇದ್ದಕ್ಕಿದ್ದಂತೆ ಎದ್ದು ಮನೆಗೆ ಓಡಿದಳು.

ಮಗ್ಗ ನಿಂತಿತ್ತು. ಅಪ್ಪನ ಗಟ್ಟಿ ದನಿ ಜಗುಲಿಯಲ್ಲಿ ಕೂತಿದ್ದ ತಾಜುದ್ದೀನ್ ಸಾಬ್ರಿಗೂ ಕೇಳುತ್ತಿತ್ತು. ಆಂಜಿನಪ್ಪ ಮಂಡಿಯೂರಿ ಮಗ್ಗದ ಕೆಳಗೆ ತಡಕಾಡುತ್ತಿದ್ದ. "ನಾನು ಮುಟ್ಟೇ ಇಲ್ಲ ಅಣ್ಣ," ಅನ್ನುತ್ತಿದ್ದ.

"ಅಪ್ಪಾ," ಅಕ್ಷತ ಹತ್ತಿರ ಹೋಗಿ ಮೆಲ್ಲಗೆ ಅಂದಳು. "ಅದು ನನ್ನ ಬೋಟಲ್ಲೈತೆ."

ಅದು ಜಗುಲಿಯವರೆಗೆ ಕೇಳಲಿಲ್ಲ. ಆಂಜಿನಪ್ಪ ಎದ್ದು ನಿಂತ. "ನಡಿಯವ್ವ, ಎಲ್ಲೈತೆ ತೋರ್ಸು."

ಇಬ್ಬರೂ ಕಲ್ಯಾಣಿಯ ಮೆಟ್ಟಿಲ ಮೇಲೆ ಕೂತರು. ಆಂಜಿನಪ್ಪ ಬೈಯಲಿಲ್ಲ. ಅವನ ಪ್ಯಾಂಟಿನ ಮಂಡಿಗಳಲ್ಲಿ ಮಗ್ಗದ ಎಣ್ಣೆ, ಧೂಳು ಅಂಟಿತ್ತು. ಅಕ್ಷತ ಅತ್ತ ನೋಡದೆ ನೀರನ್ನೇ ನೋಡಿದಳು.

ಕೊನೆಗೂ ಗಾಳಿ ಸುಳಿಯಿತು. "ನಾನೇ ಫಸ್ಟ್!" ಅಮರ್ ಕುಣಿದ. ಆಮೇಲೆ ಅಕೀಬನ ದೋಣಿ. ನೇರಳೆ ಹಾಯಿ ಎಲ್ಲಕ್ಕಿಂತ ಕೊನೆಗೆ ಬಂತು.

ಆಂಜಿನಪ್ಪ ಬಗ್ಗಿ ಎತ್ತಿಕೊಂಡ. ಒಂದು ಮೂಲೆ ಮಾತ್ರ ನೆನೆದಿತ್ತು. "ಇಷ್ಟಿದ್ರೆ ಸಾಕು. ನಾನು ಕೊಡ್ತೀನಿ, ನೀನು ಆಡ್ಕೊ ಹೋಗು."

"ಬೇಡ ಆಂಜಿನಪ್ಪಣ್ಣ." ಅಕ್ಷತ ಕೈ ಚಾಚಿದಳು. "ಸಾಬ್ರಿಗೆ ನಾನೇ ಕೊಡ್ತೀನಿ. ನೀನೇ ಬಿಸಾಕಿದ್ದು ಅಂತ ಅವ್ರು ಇನ್ನೂ ಅಂದ್ಕೊಂಡವ್ರೆ."