ಬಂದರೆ ಪೂರ್ತಿ

"ಬಂತೇನ್ರೀ?" ಮಾಳಿಗೆಯ ಮೇಲೆ ಡಿಶ್ ತಿರುಗಿಸುತ್ತಿದ್ದ ಉಮೇರ್ ಕೂಗಿದ.

ಟಿ.ವಿ.ಯಲ್ಲಿ ಸುದ್ದಿ ಓದುವವಳ ಮೂಗುಬೊಟ್ಟು ಕೂಡ ಕಾಣುತ್ತಿತ್ತು. ಆದರೂ ಗಂಗಾಶ್ರೀ ಕಿಟಕಿಗೆ ಬಾಯಿಟ್ಟು, "ಎಲ್ಲಿ ಬಂತ್ರೀ? ಬರೀ ಚುಕ್ಕೆ ಚುಕ್ಕೆ!" ಅಂದಳು.

"ಈ ಕಡೆ ತಿರುಗಿಸ್ಲಾ?"

"ಎಷ್ಟು ತಿರುಗಿಸಿದ್ರೂ ನಮ್ ಕಡೆ ನೋಡೋದೇ ಇಲ್ವಲ್ಲ ಅದು!"

"ನೋಡ್ತದೆ ರೀ. ಹೆದರ್ಕೊಂಡು ನೋಡ್ತದೆ."

ಪಡಸಾಲೆಯಲ್ಲಿ ಅಕ್ಕಿ ಆರಿಸುತ್ತಿದ್ದ ತಾಯಿ ಬಸವಣ್ಣೆಮ್ಮ, "ಡಿಶ್ಶಿಗೂ ಹೆದರಿಕೆನಾ?" ಎಂದು ನಕ್ಕರು.

ಶಿಕಾರಿಪುರದ ಗೊಬ್ಬರದ ವ್ಯಾಪಾರಿ ಮಹೇಶ್ವರಪ್ಪನವರ ಮನೆಯಲ್ಲಿ ಎರಡು ವರ್ಷ ಹೀಗೇ ನಡೆಯಿತು. ಮಗಳು ಗಂಗಾ ಹಪ್ಪಳ ಒಣಗಿಸುವ ನೆಪದಲ್ಲಿ ಮಾಳಿಗೆ ಹತ್ತಿ ಡಿಶ್ಶಿಗೊಂದು ತಳ್ಳು ಕೊಟ್ಟು ಬರುವಳು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅನ್ನುವ ಹಾಗೆ ಬೈಗುಳವೆಲ್ಲ ಮಂಗಗಳಿಗೆ. ರಿಪೇರಿಗೆ ಉಮೇರ್ ಬರುವನು.

ತೊಂಬತ್ತೊಂಬತ್ತರಲ್ಲಿ ಚಾನೆಲ್‌ಗಳು ಒಂದೊಂದಾಗಿ ಡಿಜಿಟಲ್ ಆಗಿ ಹಳೆಯ ರಿಸೀವರಿಗೆ ಸಿಗದಾದವು. ಸೋಮವಾರ ಸೊರಬದಿಂದ ಗಂಡಿನ ಕಡೆಯವರು ಮಾತು ಮುಗಿಸಲು ಬರುವವರಿದ್ದರು. ಅವರೆದುರು ಮರ್ಯಾದೆ ಹೋಗಬಾರದೆಂದು ಮಹೇಶ್ವರಪ್ಪ ಶಿವಮೊಗ್ಗದಿಂದ ಡಿಜಿಟಲ್ ರಿಸೀವರ್ ತರಿಸಿದರು. ಅದನ್ನು ಕೂರಿಸುವ ದಿನ ಬೆಳಿಗ್ಗೆ, ಹುಡುಗ ಒಪ್ಪಿಗೆಯೇ ಎಂದು ಮಗಳನ್ನೂ ಕೇಳಿದರು. "ಸಂಜೆ ಹೇಳ್ತೀನಪ್ಪ" ಅಂದಳು ಗಂಗಾ. ಉಮೇರ್ ಒಂದು ಸಲ ಹೂಂ ಅಂದರೆ ಸಾಕು, ಅಪ್ಪನೆದುರು ನಿಲ್ಲುವಷ್ಟು ಗಟ್ಟಿಗಿತ್ತಿ ಅವಳು.

"ಇದ್ರಲ್ಲಿ ಚುಕ್ಕೆ ಬರೋದಿಲ್ವಾ?" ಹೊಸ ಪೆಟ್ಟಿಗೆಗೆ ವೈರು ಸಿಗಿಸುತ್ತಿದ್ದ ಉಮೇರನನ್ನು ಕೇಳಿದಳು.

ಅವನು ತಲೆ ಎತ್ತಿದ. ರೆಪ್ಪೆಯ ಮೇಲೆ ಧೂಳು ಕೂತಿತ್ತು. ಒರೆಸಬೇಕೆನಿಸಿ, ಗಂಗಾ ವೇಲಿನ ತುದಿಯನ್ನು ಬಿಗಿಯಾಗಿ ಹಿಡಿದುಕೊಂಡಳು.

"ಇಲ್ಲ ರೀ. ಡಿಜಿಟಲ್ದು ಹಂಗೆ. ಬಂದ್ರೆ ಪೂರ್ತಿ ಬರ್ತದೆ, ಇಲ್ಲಾಂದ್ರೆ ಏನೂ ಇಲ್ಲ. ಅರೆಬರೆ ಅನ್ನೋದೇ ಇಲ್ಲ."

ಮಾಳಿಗೆ ಹತ್ತಿ ಡಿಶ್ ತಿರುಗಿಸತೊಡಗಿದ. ಟಿ.ವಿ. ಪರದೆ ಕಪ್ಪಗೇ ಇತ್ತು.

"ಬಂತೇನ್ರೀ?"

ಗಂಗಾ ಕಿಟಕಿಯಾಚೆ ಕತ್ತು ಚಾಚಿದಳು. "ನೀವೇ ಹೇಳ್ರಿ. ಎರಡು ವರ್ಷ ಚುಕ್ಕೆ ನೋಡಿದ್ದಾಯ್ತು. ಸೋಮವಾರ ಸೊರಬದವರು ಬರ್ತಾರೆ. ಪೂರ್ತಿ ಬರ್ತದೋ ಇಲ್ವೋ?"

ಸ್ಪ್ಯಾನರಿನ ಸದ್ದು ನಿಂತಿತು. ಅವನ ತಂಗಿ ಹುಮೇರಾಳಿಗೆ ಗಂಡು ಹುಡುಕುತ್ತಿದ್ದರು. ಎರಡೂ ಕೇರಿಯವರ ನಾಲಿಗೆ ಎಂಥದೆಂದು ಗಂಗಾಳಿಗೆ ಗೊತ್ತಿಲ್ಲದ್ದೇನಲ್ಲ. ಆದರೂ ಆಸೆ ಕೇಳಬೇಕಲ್ಲ.

"ಬರಲ್ಲ ರೀ." ದನಿ ಸಣ್ಣಗಾಗಿತ್ತು. "ನಮ್ ಕೈಲಾಗೋದಲ್ಲ ಇದು. ಆಸೆ ಇಟ್ಕೋಬ್ಯಾಡ್ರಿ."

"ಏ, ಬಂತಲ್ಲೇ!" ಹಿಂದಿನಿಂದ ಬಸವಣ್ಣೆಮ್ಮ ಚಪ್ಪಾಳೆ ತಟ್ಟಿದರು. "ಏನ್ ಬಣ್ಣ, ಏನ್ ಬಣ್ಣ! ಬರಲ್ಲ ಅಂತಾನಲ್ಲ ಈ ತಮ್ಮ? ಬಂದದೆ ಅಂತ ಕೂಗೇ ಗಂಗಾ!"

ಗಂಗಾ ತಿರುಗಿ ನೋಡಿದಳು. ಒಂದು ಚುಕ್ಕೆಯೂ ಇರಲಿಲ್ಲ. ಅವನು ಇನ್ನು ಈ ಮನೆಗೆ ಬರಲು ಕಾರಣವೂ ಇರಲಿಲ್ಲ. ಮತ್ತೆ ಕಿಟಕಿಗೆ ಮುಖ ಮಾಡಿದಳು.

"ಬಂತು," ಎಂದು ಕೂಗಿದಳು. "ಬೋಲ್ಟ್ ಬಿಗಿ ಮಾಡಿ ಇಳೀರಿ. ಇನ್ನು ಅಲುಗಾಡಬಾರ್ದು."

ಅವನು ಬಹಳ ಹೊತ್ತು ಬಿಗಿ ಮಾಡಿದ. ಇಳಿದು ಬಂದಾಗ ಬಸವಣ್ಣೆಮ್ಮ ಚಹಾ ಕೊಟ್ಟರು. ಅಷ್ಟರಲ್ಲಿ ಅಂಗಡಿಯಿಂದ ಬಂದ ಮಹೇಶ್ವರಪ್ಪ ಚಿತ್ರ ನೋಡಿ ಹಿಗ್ಗಿ, "ಏನಮ್ಮ, ಯೋಚನೆ ಮಾಡಿದ್ಯಾ?" ಎಂದು ಮಗಳನ್ನು ಕೇಳಿದರು.

"ಆಗ್ಲಿ ಅಪ್ಪ. ಸೊರಬದವರಿಗೆ ಹೂಂ ಅಂದ್ಬಿಡಿ."

ಉಮೇರ್ ಲೋಟ ಕೆಳಗಿಟ್ಟ. ಎರಡು ವರ್ಷದಲ್ಲಿ ಮೊದಲ ಸಲ, ಎಲ್ಲರೆದುರು ಅವಳ ಮುಖವನ್ನೇ ನೋಡಿ, "ಒಳ್ಳೇದಾಗ್ಲಿ ರೀ" ಎಂದ.