ಪರಿವಿಡಿಯಲ್ಲಿ ಅಜ್ಜನ ಜಾಗ

"ನೋಡಿದ್ಯಾ? ಇವನೂ ಹನ್ನೆರಡನೇ ಪೇಜನ್ನೇ ತೆಗೆದ," ಎಂದಳು ರಿಪೇಕಾ.

ತಮ್ಮೂರು ಟೊಕೊಮಾರು ಕೊಲ್ಲಿಯ ಹಾಡುಗಾರರ ಬಗ್ಗೆ ಅವಳ ತರಗತಿ ಒಂದು ಪತ್ರಿಕೆ ಮಾಡುತ್ತಿತ್ತು. ಪರಿವಿಡಿಯ ಪುಟ ರಿಪೇಕಾಳ ಪಾಲಿಗೆ ಬಂದಿತ್ತು. ಕರಡು ಪ್ರತಿಯನ್ನು ಚಿಕ್ಕ ಮಕ್ಕಳ ಕೈಗೆ ಕೊಟ್ಟು, ಯಾರು ಯಾವ ಪುಟ ತೆರೆಯುತ್ತಾರೆಂದು ಅವಳು ನೋಡುತ್ತಿದ್ದಳು. ಪರಿವಿಡಿ ನೋಡಿದ್ದೇ ತಡ, ಎಲ್ಲರೂ ಹನ್ನೆರಡಕ್ಕೆ ಹಾರುತ್ತಿದ್ದರು.

"ಹಾರದೆ ಏನ್ಮಾಡ್ತಾರೆ? ನಿಮ್ಮಜ್ಜನ್ನ ಬಸ್ಸಿನಷ್ಟು ದೊಡ್ಡದು ಮಾಡಿದ್ದೀಯ," ಎಂದ ಪಕ್ಕದ ಡೆಸ್ಕಿನ ತಮೆಹಾನ. "ನನ್ನ ಡ್ರಮ್ ನೋಡು. ಮೂಲೇಲಿ ಸ್ಟ್ಯಾಂಪ್ ಥರ ಬಿದ್ದಿದೆ."

ಅವನ ಮಾತು ಸುಳ್ಳಲ್ಲ. ಪುಟದ ನಡುವೆ, ಅಜ್ಜಿಯಿಂದ ಕೇಳಿ ತಂದ ಫೋಟೋದಲ್ಲಿ, ಗಿಟಾರ್ ಹಿಡಿದು ನಗುವ ಹೋಹೆಪ ಅಜ್ಜ. ಸುತ್ತಲೂ ತರಗತಿಯ ಮಕ್ಕಳ ಪುಟ್ಟ ಪುಟ್ಟ ಮುಖಗಳು. "ಕಣ್ಣು ಮೊದಲು ಹೋಗೋದು ಮುಖಕ್ಕೆ," ಎಂದು ಟೀಚರ್ ಮಿಸ್ ಕಾರ್ವರ್ ಹೇಳಿಕೊಟ್ಟಿದ್ದರು. ಅದಕ್ಕೇ ರಿಪೇಕಾ ಅಜ್ಜನ ಹಣೆಯ ಮೇಲೆ ಕೆಂಪು ಬಣ್ಣದಲ್ಲಿ ದಪ್ಪಗೆ 12 ಎಂದು ಹಾಕಿದ್ದಳು.

ಅಜ್ಜ ತೀರಿಕೊಂಡು ಎರಡು ಚಳಿಗಾಲ ಕಳೆದಿತ್ತು. ಮೊದಲೆಲ್ಲ ಊರಿನ ಯಾವ ಮದುವೆಯೂ ಅವನ ಹಾಡಿಲ್ಲದೆ ಮುಗಿಯುತ್ತಿರಲಿಲ್ಲ. ಈಗ ಆ ಹಾಡುಗಳು ಯಾರಿಗೂ ಬೇಡ. ಅವನ ಜೊತೆ ಹಾಡುತ್ತಿದ್ದ ಅಜ್ಜಿಯಂತೂ ಹಾಡುವುದನ್ನೇ ಬಿಟ್ಟಿದ್ದಳು. ರಿಪೇಕಾ ಹನ್ನೆರಡನೇ ಪುಟದಲ್ಲಿ ಅಜ್ಜನೇ ರಚಿಸಿದ ದೋಣಿ ಹಾಡನ್ನು ಪೂರ್ತಿ ಬರೆದಿದ್ದಳು. ಜನ ಅದನ್ನು ತೆರೆಯದೆ ಹೋದರೆ ಹಾಡು ಅಜ್ಜನ ಜೊತೆಗೇ ಹೋಗಿಬಿಡುತ್ತದೆ ಎಂದು ಅವಳಿಗೆ ಹೆದರಿಕೆ.

ಸಂಜೆ ಅಜ್ಜಿ ಬ್ರೆಡ್ಡು ಕರಿಯಲು ಹಿಟ್ಟು ನಾದುತ್ತಿದ್ದಳು. ರಿಪೇಕಾ ಓಡಿಬಂದು ಪುಟವನ್ನು ಅಡುಗೆಮನೆಯ ಊಟದ ಮೇಜಿನ ಮೇಲೆ ಹರಡಿದಳು.

"ಅಜ್ಜಿ, ನೋಡು. ಎಲ್ರೂ ಅಜ್ಜನ್ನೇ ನೋಡ್ತಾರೆ."

ಅಜ್ಜಿ ಕೈ ತೊಳೆದು ಒರೆಸಿಕೊಂಡಳು. ಪುಟವನ್ನು ಊಟದ ಮೇಜಿನಿಂದ ಎತ್ತಿ ಕಿಟಕಿಯ ಬೆಳಕಿಗೆ ಹಿಡಿದಳು.

"ಅವರ ತಲೆ ಮೇಲೆ ಇದನ್ನ ಬರೆದೋರು ಯಾರು?"

"ನಾನೇ. ಕಣ್ಣಿಗೆ ಬೀಳ್ಲಿ ಅಂತ."

"ಬಿತ್ತು ಬಿಡು." ಅಜ್ಜಿ ಹೆಬ್ಬೆರಳಿನಿಂದ ಆ ಅಂಕಿಯನ್ನು ಮುಚ್ಚಿದಳು. "ಸುತ್ತ ಇರೋರು?"

"ನಮ್ಮ ಕ್ಲಾಸಿನೋರು."

"ಬದುಕಿ ಬಾಳಬೇಕಾದ ಮಕ್ಕಳು. ಹೋದವರ ಜೊತೆ ಕೂರಿಸ್ತಾರೇನೇ? ನಮ್ಮ ಗೋಡೆ ಮೇಲಿನ ಫೋಟೋಗಳಲ್ಲಿ ಎಲ್ಲಾದ್ರೂ ಹಾಗೆ ನೋಡಿದ್ಯಾ?"

ರಿಪೇಕಾಳ ಮುಖ ಬಿಸಿಯಾಯಿತು. ತಲೆ ಪವಿತ್ರ, ಅದನ್ನು ಇಡುವ ದಿಂಬಿನ ಮೇಲೆ ಕೂರಬಾರದು, ಊಟದ ಮೇಜಿನ ಮೇಲೆ ಟೋಪಿ ಇಡಬಾರದು ಎಂದು ಅವಳಿಗೆ ಚಿಕ್ಕಂದಿನಿಂದ ಗೊತ್ತು. ಕಾಗದದ ತಲೆಯೂ ತಲೆಯೇ ಎಂದು ಮಾತ್ರ ಹೊಳೆದಿರಲಿಲ್ಲ.

ಅಜ್ಜಿ ಬೈಯಲಿಲ್ಲ. "ಫೋಟೋ ವಾಪಸ್ ಕೊಡು," ಎಂದಳು, ಅಷ್ಟೇ. ಬೈದಿದ್ದರೆ ಚೆನ್ನಾಗಿತ್ತು. ಅಂದು ರಿಪೇಕಾ ಬಿಸಿ ಬಿಸಿ ಬ್ರೆಡ್ಡನ್ನು ತಟ್ಟೆಯಲ್ಲೇ ಬಿಟ್ಟು ಎದ್ದಳು.

ಮರುದಿನ ಅವಳು ಕಂಪ್ಯೂಟರ್ ಮುಂದೆ ಸುಮ್ಮನೆ ಕುಳಿತಿದ್ದಳು. ಪತ್ರಿಕೆ ಅಂದೇ ಪ್ರಿಂಟ್ ಆಗಬೇಕಿತ್ತು.

"ಫೋಟೋ ವಾಪಸ್ ತಗೊಂಡ್ರೆ ಏನಂತೆ?" ಎಂದ ತಮೆಹಾನ. "ಇಲ್ಲಿ ಇದ್ಯಲ್ಲ. ನಂಬರ್ ಕೆಳಗೆ ತಾ, ನಮ್ಮನ್ನೆಲ್ಲ ಬೇರೆ ಪೇಜಿಗೆ ಹಾಕು. ಮುಗೀತು."

ಅವಳಿಗೂ ಅದೇ ಆಸೆ. ಅಜ್ಜ ಪರದೆಯ ಮೇಲೆ ನಗುತ್ತಿದ್ದ.

"ಅಜ್ಜಿ ಹೂಂ ಅಂದಿಲ್ಲ ಕಣೋ," ಎಂದು ರಿಪೇಕಾ ಫೋಟೋವನ್ನು ಅಳಿಸಿದಳು. ಮಕ್ಕಳ ಮುಖಗಳನ್ನು ಕೊನೆಯ ಪುಟಕ್ಕೆ ಕಳಿಸಿದಳು. ಪರಿವಿಡಿಯ ನಡುವೆ ಬಿಳಿ ಜಾಗ ಉಳಿಯಿತು.

"ನನ್ನ ಡ್ರಮ್ ಅಲ್ಲಿ ಇಡೋಣ್ವಾ?"

"ಬೇಡ. ಅದು ಅಜ್ಜನ ಜಾಗ."

"ಖಾಲಿ ಬಿಟ್ರೆ ಪ್ರಿಂಟರ್ ಕೆಟ್ಟಿದೆ ಅಂದ್ಕೋತಾರೆ. ಹನ್ನೆರಡನ್ನ ಯಾರೂ ತೆಗೆಯಲ್ಲ."

"ತೆಗೀದಿದ್ರೆ ಇಲ್ಲ," ಎಂದಳು ರಿಪೇಕಾ. ಹಾಗೆ ಹೇಳುವಾಗ ಅವಳಿಗೆ ಅಳು ಒತ್ತರಿಸಿ ಬಂತು. ಬಿಳಿ ಜಾಗದ ಕೆಳಗೆ ಸಣ್ಣ ಕಪ್ಪು ಅಕ್ಷರಗಳಲ್ಲಿ ಒಂದೇ ಸಾಲು ಹಾಕಿದಳು: ಹೋಹೆಪ ಅಜ್ಜನ ದೋಣಿ ಹಾಡು, ಪುಟ 12.

ಶನಿವಾರ ಶಾಲೆಯ ಹಾಲಿನಲ್ಲಿ ಪತ್ರಿಕೆ ಹಂಚಿದರು. ಅಜ್ಜಿ ಹಿಂದಿನ ಸಾಲಿನಲ್ಲಿ ಕುಳಿತಿದ್ದಳು. ಅವಳ ಮುಂದೆ ಪಿಟಾ ಅಜ್ಜ. ಒಂದು ಕಾಲದಲ್ಲಿ ಹೋಹೆಪ ಅಜ್ಜನ ಜೊತೆ ಗಿಟಾರ್ ನುಡಿಸುತ್ತಿದ್ದವನು. ಪರಿವಿಡಿಯ ಮೇಲೆ ಓಡುತ್ತಿದ್ದ ಅವನ ಬೆರಳು ಬಿಳಿ ಜಾಗಕ್ಕೆ ಬಂದು ನಿಂತಿತು.

"ಇಲ್ಲಿ ಯಾರೂ ಇಲ್ವಲ್ಲ," ಎಂದು ಗೊಣಗಿದ. ಕೆಳಗಿನ ಸಾಲು ಓದಿದ. ಕನ್ನಡಕ ತೆಗೆದು ಒರೆಸಿಕೊಂಡು ಹನ್ನೆರಡನೇ ಪುಟ ತೆರೆದ. ಮೆಲ್ಲಗೆ ಹಾಡತೊಡಗಿದ.

"ಅಲ್ಲಲ್ಲ," ಎಂದಿತು ಹಿಂದಿನಿಂದ ಅಜ್ಜಿಯ ದನಿ. "ಎರಡನೇ ಸಾಲಲ್ಲಿ ದನಿ ಇಳೀಬೇಕು ಪಿಟಾ. ನೀನು ಅವಾಗ್ಲೂ ಅಲ್ಲೇ ತಪ್ತಿದ್ದೆ."

"ಹಾಗಾದ್ರೆ ನೀನೇ ಹೇಳಿಕೊಡು."

ಅಜ್ಜಿ ತಲೆ ತಗ್ಗಿಸಿದಳು. ಹಾಡುವುದಿಲ್ಲ ಎಂದೇ ರಿಪೇಕಾ ಅಂದುಕೊಂಡಳು. ಆದರೆ ಅಜ್ಜಿ ಆ ಸಾಲನ್ನು ಹಾಡಿದಳು. ದನಿ ಒಡೆದಿತ್ತು, ಆದರೂ ಎಲ್ಲಿ ಇಳಿಯಬೇಕೋ ಅಲ್ಲೇ ಇಳಿಯಿತು. ಹಾಲಿನಲ್ಲಿ ಪುಟ ತಿರುಗಿಸುವ ಸದ್ದು ಕೇಳಿಸಿತು.

ಹಾಡು ಪೂರ್ತಿ ಬರೆದಿದ್ದೇನೆ ಎಂದು ರಿಪೇಕಾ ತಿಳಿದಿದ್ದಳು. ಈ ಇಳಿತ ಅವಳ ಪುಟದಲ್ಲಿ ಎಲ್ಲೂ ಇರಲಿಲ್ಲ. ಅವಳು ಹೋಗಿ ಅಜ್ಜಿಯನ್ನು ಒತ್ತಿ ಕುಳಿತಳು. ಆ ಸಾಲು ಮತ್ತೆ ಬಂದಾಗ ತಾನೂ ದನಿ ಇಳಿಸಿದಳು.