ಕತ್ತರಿಸಿದ ಹನ್ನೆರಡು ಓಮ್

ಮಂಗಳವಾರ ಬೆಳಿಗ್ಗೆ ಹತ್ತು ನಲವತ್ತಕ್ಕೆ ಪುಸ್ತಕ ಬೈಂಡಿಂಗ್ ಕಾರ್ಖಾನೆಯ ಮಾಲೀಕ ಏದುಸಿರು ಬಿಡುತ್ತ ಠಾಣೆಗೆ ಬಂದ. ಅಂಗಿಯ ತೋಳೆಲ್ಲ ಮಸಿ. ಒಂಬತ್ತೂ ಮುಕ್ಕಾಲಿಗೆ ಗೋಡೆಯ ವೈರಿಂಗ್ ಹೊತ್ತಿಕೊಂಡು, ಒತ್ತಿಗೇ ಇದ್ದ ಕಾಗದದ ಅಟ್ಟಿಗೆ ಬೆಂಕಿ ತಗುಲಿತ್ತು. ಅಟ್ಟಿಯನ್ನು ಎಳೆದುಹಾಕಲು ಹೋದ ಹೊಲಿಗೆಯ ಹೆಂಗಸಿನ ಎರಡೂ ಕೈ ಸುಟ್ಟಿದ್ದವು. ಎರಡು ತಿಂಗಳ ಹಿಂದೆ ಎಲೆಕ್ಟ್ರಿಷಿಯನ್ ಕಳಪೆ ತಂತಿ ಎಳೆದದ್ದೇ ಇದಕ್ಕೆಲ್ಲ ಕಾರಣ ಎಂಬುದು ಮಾಲೀಕನ ದೂರು. ಎಫ್‌ಐಆರ್ ದಾಖಲಾಯಿತು. ಸಂಜೆ ಐದಕ್ಕೆ ಎಲೆಕ್ಟ್ರಿಷಿಯನ್‌ನ ಬಂಧನವೂ ಆಯಿತು. ಬುಧವಾರ ಸಂಜೆ ಐದರೊಳಗೆ ಅವನನ್ನು ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕಿತ್ತು.

"ಎಂಥಾ ವೈರ್ ಹಾಕಿದ್ದೆ?" ಇನ್‌ಸ್ಪೆಕ್ಟರ್ ಕೇಳಿದರು.

"ಎಂಟು ಆಂಪಿಯರ್ ತಡೆಯೋದು ಸಾರ್."

"ಸಾಲಲಿಲ್ಲವಲ್ಲ."

"ಹೇಗೆ ಸಾಲಲ್ಲ ಸಾರ್? ಆ ಲೈನಿಗೆ ಇರೋದು ಅಂಟು ಕಾಯಿಸೋ ಕರೆಂಟ್ ಒಲೆ ಒಂದೇ. ಸಾವಿರದೈನೂರು ವ್ಯಾಟ್ ಅಂತ ಅದರ ಮೈಮೇಲೇ ಇದೆ. ಇನ್ನೂರ ಮೂವತ್ತು ವೋಲ್ಟಿಂದ ಭಾಗಿಸಿ, ಆರೂವರೆ ಆಂಪಿಯರ್. ಎಂಟು ದಾಟಿದ್ರೆ ಫ್ಯೂಸ್ ಹೋಗ್ಬೇಕು."

"ಹೋಗ್ಲಿಲ್ಲ!"

"ಅದೇ ನನಗೂ ತಲೆ ಕೆಟ್ಟಿರೋದು ಸಾರ್."

ಹೊರಗೆ ಬೆಂಚಿನ ಮೇಲೆ ಅವನ ಹೆಂಡತಿ ಕೂತಿದ್ದಳು. ಇನ್‌ಸ್ಪೆಕ್ಟರ್ ಹಾದುಹೋದಾಗಲೆಲ್ಲ ಎದ್ದು ನಿಲ್ಲುತ್ತಿದ್ದಳು. "ಲೈಸೆನ್ಸ್ ಹೋದ್ರೆ ನಮ್ಮ ಬದುಕೇ ಹೋದ ಹಾಗೆ ಸಾರ್. ಅವರಿಗೆ ಬೇರೆ ಕಸುಬು ಬರಲ್ಲ." ಅವಸರಪಟ್ಟೆನೇನೋ ಎಂಬ ಹುಳ ಆಗಲೇ ಇನ್‌ಸ್ಪೆಕ್ಟರ ತಲೆಗೆ ಹೊಕ್ಕಿತ್ತು.

ಬುಧವಾರ ಬೆಳಿಗ್ಗೆ ಹತ್ತಕ್ಕೆ ಕಾರ್ಖಾನೆಯಲ್ಲಿ ಎರಡನೇ ಪಂಚನಾಮೆ. ಜೊತೆಗೆ ಬಂದವಳು ಮಹಿಳಾ ಹೆಡ್ ಕಾನ್‌ಸ್ಟೇಬಲ್. ಪೊಲೀಸ್ ಕೆಲಸಕ್ಕೆ ಸೇರುವ ಮುಂಚೆ ಎಲೆಕ್ಟ್ರಿಕಲ್ ಓದಿದ್ದಳು. ಠಾಣೆಯಲ್ಲಿ ಎಲ್ಲರಿಗೂ ಅವಳು ಕರೆಂಟಕ್ಕ. ಫ್ಯೂಸ್ ಬಿಚ್ಚಿದವಳೇ ಹುಬ್ಬೇರಿಸಿದಳು. ಒಳಗೆ ದಪ್ಪ ತಾಮ್ರದ ತಂತಿಯನ್ನು ಮಡಿಚಿ ಬಿಗಿದಿದ್ದರು.

"ಇದು ಫ್ಯೂಸಲ್ಲ ಸಾರ್, ಹಗ್ಗ. ಎಷ್ಟು ಕರೆಂಟ್ ಹರಿದ್ರೂ ಜಪ್ಪಯ್ಯ ಅನ್ನಲ್ಲ."

ಒಲೆಯ ಸುರುಳಿ ತಂತಿಯೂ ಸರಿ ಇರಲಿಲ್ಲ. ಅದನ್ನು ಅಲ್ಲಲ್ಲಿ ಗಂಟು ಹಾಕಿ, ಎಳೆದೆಳೆದು ಕೂರಿಸಿದ್ದರು. ಮಧ್ಯಾಹ್ನ ಹನ್ನೆರಡೂ ಇಪ್ಪತ್ತಕ್ಕೆ ವಿದ್ಯುತ್ ಇಲಾಖೆಯ ಪರೀಕ್ಷಾ ಕೊಠಡಿಯಲ್ಲಿ ಒಲೆಗೆ ಕರೆಂಟ್ ಕೊಟ್ಟು ಅಳೆದರು. ಇನ್ನೂರ ಮೂವತ್ತು ವೋಲ್ಟ್, ಹತ್ತು ಆಂಪಿಯರ್.

"ವೋಲ್ಟನ್ನ ಆಂಪಿಯರಿಂದ ಭಾಗಿಸಿದ್ರೆ ತಂತಿ ಕರೆಂಟಿಗೆ ಒಡ್ಡೋ ತಡೆ, ಅಂದ್ರೆ ರೋಧ, ಇಪ್ಪತ್ಮೂರು ಓಮ್. ಎರಡನ್ನೂ ಗುಣಿಸಿದ್ರೆ ಪವರ್, ಎರಡು ಸಾವಿರದ ಮುನ್ನೂರು ವ್ಯಾಟ್," ಎಂದಳು ಕರೆಂಟಕ್ಕ.

"ಒಲೆ ಸಾವಿರದೈನೂರಿಂದಲ್ವೇನಮ್ಮ?"

"ಹೊಸದರಲ್ಲಿ ಹೌದು. ಆಗ ಆರೂವರೆ ಆಂಪಿಯರ್ ಅಂದ್ರೆ ರೋಧ ಮೂವತ್ತೈದು ಓಮ್ ಇದ್ದಿರಬೇಕು. ಯಾರೋ ಹನ್ನೆರಡು ಓಮ್ ತಂತಿ ಕತ್ತರಿಸಿದಾರೆ ಸಾರ್. ತಂತಿ ಗಿಡ್ಡ ಆದಷ್ಟೂ ರೋಧ ಕಮ್ಮಿ, ಕರೆಂಟ್ ಜಾಸ್ತಿ, ಕಾವೂ ಜಾಸ್ತಿ. ಎಂಟು ಆಂಪಿಯರ್ ವೈರಲ್ಲಿ ದಿನಾ ಹತ್ತು ಹರಿದ್ರೆ ಅದರ ಮೇಲ್ಹೊದಿಕೆ ಕರಗದೆ ಇನ್ನೇನಾಗುತ್ತೆ?"

ಹತ್ತನೇ ಕ್ಲಾಸಿನ ಮೇಲೆ ಓಮ್‌ನ ಮುಖ ನೋಡದ ಇನ್‌ಸ್ಪೆಕ್ಟರ್ ಕಾಗದ ತೆಗೆದು ಎರಡು ಸಲ ಭಾಗಿಸಿದರು. ಲೆಕ್ಕ ಸರಿಯಿತ್ತು. ಗಂಟೆ ಒಂದಾಗಿತ್ತು.

ಕಾರ್ಖಾನೆಗೆ ವಾಪಸು. "ಒಲೆ ಮುಟ್ಟೋರು ಯಾರ್ಯಾರು?"

"ಅಂಟಜ್ಜ ಒಬ್ಬನೇ," ಎಂದ ಮಾಲೀಕ. "ಮೂವತ್ತು ವರ್ಷದಿಂದ ಅಂಟು ಕಾಯಿಸ್ತಾನೆ. ಬೇರೆಯವರು ಹತ್ತಿರ ಹೋದ್ರೆ ಮೈಮೇಲೇ ಬೀಳ್ತಾನೆ."

"ಈಗೆಲ್ಲಿ?"

"ಆಸ್ಪತ್ರೇಲಿ. ಸುಟ್ಟುಕೊಂಡವಳು ಅವನ ಮಗಳೇ ಅಲ್ವಾ."

"ಇತ್ತೀಚೆಗೆ ಒಲೆ ಹೇಗೆ ಉರೀತಿತ್ತು?"

"ಮುಂಚೆ ಅಂಟು ಕರಗೋಕೆ ಒಂದು ಗಂಟೆ ಹಿಡೀತಿತ್ತು. ಈಗ ನಲವತ್ತೇ ನಿಮಿಷ. ನಾನೇ ಶಭಾಷ್ ಅಂದಿದ್ದೆ."

ಅಂಟಜ್ಜ ದಾರದ ತುಂಡನ್ನೂ ಎಸೆಯದ ಮನುಷ್ಯ. ಅವನ ಮೇಜಿನ ಡ್ರಾಯರಿನಲ್ಲಿದ್ದ ತಗಡಿನ ಡಬ್ಬಿಯಲ್ಲಿ ಸುರುಳಿ ತಂತಿಯ ಮೂರು ತುಂಡು ಸಿಕ್ಕವು. ಪಂಚರ ಎದುರಿಗೇ ಒಂದಕ್ಕೊಂದು ಜೋಡಿಸಿ ಮೀಟರ್ ಹಿಡಿದರು. ಹನ್ನೆರಡು ಓಮ್. ಇನ್ನು ಗಾಯಾಳುವಿನ ಅಪ್ಪನನ್ನೇ ಹಿಡಿಯಬೇಕಿತ್ತು. ಹಿಡಿಯದಿದ್ದರೆ ಇನ್ನೊಬ್ಬನ ಬದುಕು ಮೂರಾಬಟ್ಟೆ.

ಮೂರು ನಲವತ್ತಕ್ಕೆ ಆಸ್ಪತ್ರೆ. ಮಗಳ ಎರಡೂ ಕೈಗೆ ಮೊಣಕೈವರೆಗೆ ಬ್ಯಾಂಡೇಜು. ಮುದುಕ ಚಮಚದಲ್ಲಿ ಅನ್ನ ತಿನ್ನಿಸುತ್ತಿದ್ದ. ಇನ್‌ಸ್ಪೆಕ್ಟರ ಕೈಯಲ್ಲಿದ್ದ ಡಬ್ಬಿ ಕಂಡದ್ದೇ ಅವನ ಚಮಚ ಅರ್ಧದಲ್ಲೇ ನಿಂತಿತು.

"ಇನ್ನೆರಡು ತುತ್ತಿದೆ ಸಾರ್. ಮುಗಿಸಿ ಬರ್ತೀನಿ."

ಇನ್‌ಸ್ಪೆಕ್ಟರ್ ಕಾರಿಡಾರಿನಲ್ಲಿ ಕಾದರು.

"ಯಾವಾಗ ಕತ್ತರಿಸಿದ್ದು ಅಜ್ಜಾ?"

"ಒಂದು ತಿಂಗಳಾಯ್ತು. ಮೊದಲನೇ ಸಲ ತಂತಿ ತಾನೇ ತುಂಡಾಯ್ತು. ಸುಟ್ಟ ಭಾಗ ತೆಗೆದು ಗಂಟು ಹಾಕಿದೆ. ಅವತ್ತು ಅಂಟು ಬೇಗ ಕಾಯ್ತು. ಆಮೇಲೆ ಎರಡು ಸಲ ಬೇಕಂತಲೇ ಕತ್ತರಿಸಿದೆ."

"ಫ್ಯೂಸು?"

"ಪದೇಪದೇ ಹೋಗೋದು. ದಪ್ಪ ತಂತಿ ಕಟ್ಟಿದೆ."

"ನಿನ್ನೆ ಒಬ್ಬನನ್ನ ಒಳಗೆ ಹಾಕಿದೀವಿ. ಗೊತ್ತಿತ್ತಾ?"

"ಗೊತ್ತಿತ್ತು ಸಾರ್." ಮುದುಕ ಮಗಳಿದ್ದ ಕೋಣೆಯ ಬಾಗಿಲ ಕಡೆ ನೋಡಿದ. "ಹೇಳಿಬಿಡೋಣ ಅಂತ ಬಾಯಿವರೆಗೂ ಬಂತು. ನಾನೂ ಹೋದ್ರೆ ಇವಳಿಗೆ ತುತ್ತು ಹಾಕೋರ್ಯಾರು ಅಂತ ನುಂಗಿಕೊಂಡೆ."

"ಅಂಥಾ ಅವಸರ ಏನಿತ್ತು?"

"ಅಂಟು ತಡ ಆದ್ರೆ ಎಲ್ಲಾ ಕೆಲಸಾನೂ ತಡ. ಆವತ್ತಿನ ಪುಸ್ತಕ ಮುಗಿಯದೆ ಯಾರನ್ನೂ ಬಿಡಲ್ಲ. ಮೊಮ್ಮಗಳನ್ನ ನೋಡ್ಕೊಳ್ಳೋ ಶಿಶುವಿಹಾರ ಐದಕ್ಕೆ ಮುಚ್ಚುತ್ತೆ. ನಾವು ಹೋಗೋ ಹೊತ್ತಿಗೆ ಮಗು ಮೆಟ್ಟಿಲ ಮೇಲೆ ಒಂದೇ ಕೂತಿರೋದು ಸಾರ್, ಅತ್ತೂ ಅತ್ತೂ ಮುಖ ಊದಿಕೊಂಡು. ಇವಳು ದಾರಿಯುದ್ದಕ್ಕೂ ಅಳೋಳು. ನನಗೆ ನೋಡೋಕಾಗ್ತಿರಲಿಲ್ಲ."

ನಾಲ್ಕೂ ಇಪ್ಪತ್ತಕ್ಕೆ ಇನ್‌ಸ್ಪೆಕ್ಟರ್ ಠಾಣೆಗೆ ಫೋನ್ ಮಾಡಿ ಎಲೆಕ್ಟ್ರಿಷಿಯನ್‌ನನ್ನು ಬಿಡಲು ಹೇಳಿದರು. ಆ ಕಡೆಯಿಂದ ಅವನ ಹೆಂಡತಿ ಗಟ್ಟಿಯಾಗಿ ಅತ್ತದ್ದು ಕೇಳಿಸಿತು. ಆಮೇಲೆ ಆಸ್ಪತ್ರೆಯ ಕಾರಿಡಾರಿನ ಬೆಂಚಿನ ಮೇಲೆ ಕೂತು ಬಂಧನದ ಪತ್ರ ಬರೆದರು: "ಆರೋಪಿಗೆ ದುರುದ್ದೇಶವಿರಲಿಲ್ಲ. ಮಗಳು ದಿನಕ್ಕೆ ಇಪ್ಪತ್ತು ನಿಮಿಷ ಮುಂಚೆ ತನ್ನ ಮಗುವನ್ನು ಸೇರಲಿ ಎಂಬ ಆಸೆಯಿಂದ ಕೃತ್ಯ ನಡೆದಿದೆ."

ಮುದುಕ ಹೆಬ್ಬೆಟ್ಟು ಒತ್ತಿದ. ಜೀಪಿನವರೆಗೂ ತಲೆ ತಗ್ಗಿಸಿಕೊಂಡೇ ನಡೆದ. ಕಾಲೆತ್ತಿ ಒಳಗಿಡುವಾಗ ಸರ್ರನೆ ತಿರುಗಿದ.

"ಗಂಟೆ ಎಷ್ಟು ಸಾರ್?"

"ನಾಲ್ಕೂವರೆ."

"ನಿನ್ನೆ ನಾನು ಹೋಗಿದ್ದೆ. ಇವತ್ತು ಮಗೂನ ಕರ್ಕೊಂಡು ಬರೋರ್ಯಾರು?"

ಜೀಪಿನ ಪಕ್ಕ ನಿಂತಿದ್ದ ಕರೆಂಟಕ್ಕ ಅಪ್ಪಣೆಗೆ ಕಾಯಲಿಲ್ಲ. ಶಿಶುವಿಹಾರ ಯಾವ ಬೀದಿಯಲ್ಲಿದೆ ಎಂದು ಕೇಳಿಕೊಂಡು ಓಡಿದಳು.